ಇನ್ನೊಂದು ಪಾತ್ರೆ

"ಮನೇಲಿ ಅಡುಗೆ ಯಾರು ಮಾಡೋದು?" ರಕ್ತಪರೀಕ್ಷೆಯ ವರದಿಯಿಂದ ತಲೆಯೆತ್ತದೆಯೇ ಡಾಕ್ಟರಮ್ಮ ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಲ್ಲಿದ್ದ ಗಂಡ, "ಇವಳೇ ಡಾಕ್ಟ್ರೇ, ಇನ್ಯಾರು?" ಎಂದ. ಹೊಗಳಿಕೆಯ ಮಾತು ಬರಲಿದೆ ಎಂದುಕೊಂಡು ತುಸು ಮುಂದಕ್ಕೆ ಸರಿದು ಕೂತ ಕೂಡ.

ಬೆಳಿಗ್ಗೆ ದರ್ಜಿ ಅಂಗಡಿಯಲ್ಲಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಹಿಡಿದ ಅವಳ ಕೈ ಹಾಗೇ ಸೆಟೆದುಕೊಂಡುಬಿಟ್ಟಿತ್ತು. ಗುಂಡಿ ಹೊಲಿಯುವವಳು ಓಡಿಬಂದು, "ಅಕ್ಕಾ, ಕತ್ತರಿ ಮೇಲೆ ಇಷ್ಟೊಂದು ಪ್ರೀತಿನಾ?" ಎಂದು ನಗಿಸುತ್ತಲೇ ಬೆರಳುಗಳನ್ನು ಬಿಡಿಸಿದ್ದಳು. ಅವಳಿಗೆ ನಗಲಾಗಲಿಲ್ಲ. ಎದೆಯೊಳಗೆ ಯಾರೋ ಹೊಲಿಗೆ ತಪ್ಪಿಸುತ್ತ ಯಂತ್ರ ತುಳಿಯುತ್ತಿದ್ದ ಹಾಗಿತ್ತು. ಓಡುವುದು, ಗಕ್ಕನೆ ನಿಲ್ಲುವುದು, ಮತ್ತೆ ಓಡುವುದು. ಅಂಗಡಿಯ ಯಜಮಾನರೇ ಇಲ್ಲಿಗೆ ಕರೆತಂದು ಗಂಡನಿಗೆ ಫೋನ್ ಮಾಡಿದ್ದರು.

"ಮೈಯಲ್ಲಿ ಪೊಟ್ಯಾಸಿಯಂ ಇಷ್ಟು ಇಳಿದುಹೋದ್ರೆ ಹೃದಯ ತಾಳ ತಪ್ಪತ್ತಮ್ಮ," ಎಂದರು ಡಾಕ್ಟರು. "ಬಿಪಿಗೆ ನೀವು ತಗೋತಿರೋ ಮಾತ್ರೆ ಅದನ್ನ ಮೂತ್ರದಲ್ಲಿ ಹೊರಗೆ ಹಾಕತ್ತೆ, ಸರಿ. ಆದ್ರೆ ಊಟದಲ್ಲಿ ಒಳಗೂ ಬರಬೇಕಲ್ಲ? ಬಾಳೆಹಣ್ಣು ತಿನ್ನಲ್ವಾ? ಆಲೂಗಡ್ಡೆ, ಸೊಪ್ಪು, ಕಾಳು?"

"ಬಾಳೆಹಣ್ಣಾ? ಅದು ನಮ್ಮನೆ ಹೊಸ್ತಿಲೂ ದಾಟಲ್ಲ," ಗಂಡನಿಗೆ ಹುರುಪು ಬಂದಿತ್ತು. "ನಂಗೆ ಕಿಡ್ನಿ ತೊಂದರೆ ನೋಡಿ, ಪೊಟ್ಯಾಸಿಯಂ ಕೂಡದು. ಆಲೂಗಡ್ಡೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ಒಂದ್ಸಲ ಬೇಯಿಸಿ ಬಸಿದು, ಮತ್ತೆ ಬೇಯಿಸಿ ಬಸೀತಾಳೆ. ಸೊಪ್ಪಿಗೂ ಅದೇ ಶಿಕ್ಷೆ! ಇವಳ ಕೈಗೆ ಸಿಕ್ಕ ತರಕಾರಿ ಮಾಡಿದ ಪಾಪವೆಲ್ಲ ಕಳ್ಕೊಂಡೇ ತಟ್ಟೆಗೆ ಬರೋದು. ನಮ್ಮ ಕಿಡ್ನಿ ಡಾಕ್ಟ್ರು ಬೇರೆ ರೋಗಿಗಳಿಗೆ ಇವಳನ್ನೇ ಉದಾಹರಣೆ ಕೊಡ್ತಾರೆ, ಗೊತ್ತಾ?"

"ಅದು ನಿಮಗಾಯ್ತು. ಇವರ ಕಿಡ್ನಿಗೇನಾಗಿದೆ?"

"ಇವಳಿಗೇನು, ಗುಂಡುಕಲ್ಲಿನ ಹಾಗಿದಾಳೆ."

"ಮತ್ತೆ ಇವರ್ಯಾಕೆ ಅದನ್ನೇ ತಿನ್ನೋದು?"

ಗಂಡ ತಬ್ಬಿಬ್ಬಾದ. "ಇರೋರೇ ಇಬ್ಬರು. ಅದರಲ್ಲಿ ಎರಡೆರಡು ಅಡುಗೆನಾ?" ಎಂದು, ನೀನೇ ಹೇಳು ಎಂಬಂತೆ ಅವಳತ್ತ ನೋಡಿದ.

ಯಾರೂ ಅವಳಿಗೆ ಹಾಗೆ ತಿನ್ನು ಎಂದಿರಲಿಲ್ಲ. ಪಥ್ಯ ಶುರುವಾದ ಹೊಸತರಲ್ಲಿ ಅವನು ಬೈಸಿಕೊಂಡ ಮಗುವಿನಂತೆ ತಟ್ಟೆ ನೋಡುತ್ತ ಕೂತಿದ್ದಾಗ, ತಡೆಯಲಾರದೆ ಅವಳೂ ಅದನ್ನೇ ಬಡಿಸಿಕೊಂಡಿದ್ದಳು. ಅವನ ಕಣ್ಣು ತುಂಬಿತ್ತು. ಎಂಜಲುಗೈಯಲ್ಲೇ ಅವಳ ಮಣಿಕಟ್ಟು ಹಿಡಿದು, "ನೀನಿದ್ದೀಯಲ್ಲ, ಸಾಕು" ಎಂದಿದ್ದ. ಆ ಹಿಡಿತದ ಬಿಸಿಗೆ ಅವಳು ಎಷ್ಟೋ ಕಾಲ ಸಪ್ಪೆ ಊಟ ಉಂಡಳು. ಅವನು ಮರೆತ. ಅವಳು ನಿಲ್ಲಿಸಲಿಲ್ಲ. ಪ್ರೀತಿಗೆಂದು ಶುರುವಾದದ್ದು ಯಾವಾಗ ಮನೆಯ ಪದ್ಧತಿಯಾಗಿಹೋಯಿತೋ. ಆಮೇಲಂತೂ ತನಗೆಂದು ಒಂದು ಬಾಳೆಹಣ್ಣು ಕೊಳ್ಳುವುದೂ ಕಳ್ಳತನ ಅನ್ನಿಸತೊಡಗಿತ್ತು.

"ರೂಢಿ ಆಗೋಯ್ತು ಡಾಕ್ಟ್ರೇ," ಎಂದಳು.

ಡಾಕ್ಟರು ಪೊಟ್ಯಾಸಿಯಂ ಸಿರಪ್ ಕುಡಿಸಿ, ಮಲಗಿಸಿ, ಸಂಜೆ ಇನ್ನೊಮ್ಮೆ ಇಸಿಜಿ ತೆಗೆದು ಮನೆಗೆ ಹೋಗಬಹುದು ಎಂದರು. ಬಿಪಿ ಮಾತ್ರೆ ಬದಲಾಯಿತು. "ಈ ಸಿರಪ್ ಕೆಲವು ದಿನಕ್ಕಷ್ಟೇ. ಆಮೇಲೆ ರಕ್ತ ಮತ್ತೆ ನೋಡ್ತೀನಿ. ಬೇಕಾಗಿರೋದು ಊಟದಿಂದಲೇ ಬರಬೇಕು. ನಿಮಗೆ ಅಂತ ಇನ್ನೊಂದು ಪಾತ್ರೆ ಇಡಿ."

"ಆ ಔಷಧಿನೇ ಮುಂದುವರಿಸಿದ್ರೆ ಆಗಲ್ವಾ?" ಗಂಡ ನಡುವೆ ಬಾಯಿ ಹಾಕಿದ. "ಮನೇಲಿ ಹಣ್ಣು ಕಂಡ್ರೆ ನನ್ನ ಬಾಯಿ ಸುಮ್ನಿರಲ್ಲ."

"ನಿಮ್ಮ ಬಾಯಿ ಕಾಯೋಕೆ ಇವರ ಹೃದಯ ಒತ್ತೆ ಇಡಬೇಕಾ?"

ಅವನು ಗಹಗಹಿಸಿ ನಕ್ಕ. ಒಳ್ಳೆಯ ಜೋಕು ಕೇಳಿದವನಂತೆ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದ.

ಮನೆ ಸೇರಿದ ಮೇಲೆ ಅವನ ಅಡುಗೆಯನ್ನು ಎಂದಿನಂತೆ ಒಲೆಗಿಟ್ಟಳು. ಆಮೇಲೆ ಅಟ್ಟದಿಂದ ಪುಟ್ಟ ಪಾತ್ರೆಯೊಂದನ್ನು ಇಳಿಸಿ, ಧೂಳು ತೊಳೆದು, ಪಕ್ಕದ ಉರಿಯ ಮೇಲಿಟ್ಟಳು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಹಾಕಿದಳು, ಮೇಲೊಂದು ಹಿಡಿ ಸೊಪ್ಪು, ಬೇಯಲು ಬೇಕಾದಷ್ಟೇ ನೀರು. ಸಿಪ್ಪೆಯ ಮಣ್ಣಿನ ವಾಸನೆ ಎದ್ದು ಬಂದಾಗ ಬಾಯಲ್ಲಿ ನೀರೂರಿತು. ಅವಳಿಗೆ ನಾಚಿಕೆಯಾಯಿತು, ಮರುಗಳಿಗೆಯೇ ಆ ನಾಚಿಕೆಯ ಮೇಲೆ ಸಿಟ್ಟು ಬಂತು.

ಹಜಾರದಲ್ಲಿ ಗಂಡ ಮಗಳೊಂದಿಗೆ ಫೋನಿನಲ್ಲಿದ್ದ. "ಹೆದರಿಸಿಬಿಟ್ಟಳು ಕಣೇ ನಿಮ್ಮಮ್ಮ. ನಂಗಂತೂ ಕೈಕಾಲೇ ಆಡ್ಲಿಲ್ಲ. ಇವಳಿಗೇನಾದ್ರೂ ಆದ್ರೆ ನನ್ನ ಗತಿ ಏನು ಹೇಳು?" ಫೋನಿಟ್ಟು ಅಡುಗೆಮನೆಗೆ ಬಂದ. ಒಲೆಯ ಮೇಲೆ ಕುದಿಯುತ್ತಿದ್ದ ಎರಡನ್ನೂ ನೋಡಿದ. ಪುಟ್ಟ ಪಾತ್ರೆಯ ಮುಚ್ಚಳ ಎತ್ತಿ ಮೂಸಿದ.

"ಊಟಕ್ಕೆ ಯಾರಾದ್ರೂ ಬರ್ತಿದಾರಾ?"

ಆ ದನಿಯಲ್ಲಿ ಕೊಂಕಿದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಇರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ಹಾಕಿಕೊಂಡಿದ್ದ ಹಳೆಯ ಅಂಗಿಯನ್ನು ಬದಲಿಸಬೇಕೇನೋ ಎಂದು ಅದರ ಗುಂಡಿ ಮುಟ್ಟಿಕೊಳ್ಳುತ್ತ, ಬೀದಿ ಬಾಗಿಲ ಕಡೆ ನೋಡುತ್ತಿದ್ದ.