ಅವಳಂಥ ಕೆನ್ನೆ

“ಕರಗಿ ಹೋಗೋದು ಬೇಡ,” ಎಂದಳು ಟೋಗ್ಜಾನ್.

ಡಾಕ್ಟರ್ ರೌಶನ್ ಎರಡು ಸಿರಿಂಜುಗಳನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು. “ನೋಡಮ್ಮ, ಕೆನ್ನೆಗೆ ತುಂಬೋ ಈ ಜೆಲ್ ಮೆತ್ತಗಿರುತ್ತೆ. ಒಂದು ವರ್ಷ ನಿಲ್ಲುತ್ತೆ. ಇಷ್ಟ ಆಗ್ಲಿಲ್ಲಾಂದ್ರೆ ಇನ್ನೊಂದು ಸೂಜಿ ಚುಚ್ಚಿ ಕರಗಿಸ್ತೀನಿ. ಆ ಕ್ಯಾಲ್ಸಿಯಂದು ಗಟ್ಟಿ, ಬಾಳಿಕೆ ಜಾಸ್ತಿ. ಆದ್ರೆ ಆಮೇಲೆ ತಪ್ಪಾಯ್ತು ಅಂತ ಅತ್ತರೆ ನನ್ನ ಕೈಲೇನೂ ಆಗಲ್ಲ.”

“ಗಟ್ಟೀದೇ ಹಾಕಿ. ಮೆತ್ತಗೆ ಜಾರಿಕೊಳ್ಳೋರು ಮನೇಲೇ ಇದಾರೆ.”

ಸೋಫಾದಲ್ಲಿದ್ದ ಗೆಳತಿ ದಾನಾ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಮೊನ್ನೆಯಷ್ಟೇ ಉಬ್ಬಿಸಿಕೊಂಡ ತುಟಿ ಅಷ್ಟಕ್ಕೇ ಅನುಮತಿ ಕೊಟ್ಟಿತ್ತು.

ಗಂಡ ಕೆನೆಸ್ ಮನೆಗೆ ಬರುವುದು ಕಮ್ಮಿಯಾಗಿತ್ತು. ಒಂದು ದಿನ ಸಭೆಯ ನೆಪ, ಇನ್ನೊಂದು ದಿನ ರಾಜಧಾನಿ ಅಸ್ತಾನಾದಿಂದ ದೊಡ್ಡವರು ಬಂದ ನೆಪ. ಬಂದ ದಿನವೂ ಊಟ ಬೇಡ. ತುಟಿಯ ಮೇಲೆ ಬೇರೆ ಮನೆಯ ಕುದುರೆಮಾಂಸದ ಜಿಡ್ಡು. ಅಂಗಿಯಲ್ಲಿ ಸೆಂಟಿನ ವಾಸನೆಯಿದ್ದಿದ್ದರೆ ಟೋಗ್ಜಾನ್ ಹೇಗೋ ಸಹಿಸುತ್ತಿದ್ದಳು. ಇದ್ದದ್ದು ಹುರಿದ ಈರುಳ್ಳಿಯ ಘಮ. ಮುಲ್ಲಾನ ಮುಂದೆ ನಿಕಾಹ್ ಮಾಡಿಕೊಂಡ ಗಂಡ ಕಣ್ಣೆದುರೇ ಕೈ ತಪ್ಪುತ್ತಿದ್ದ. ಅವನು ಹೋದರೆ, ಅವನ ಹೆಸರಿನಲ್ಲಿರುವ ಫ್ಲ್ಯಾಟೂ ಹಿಂದೆಯೇ ಹೋಗುತ್ತದೆ.

ಅವನನ್ನು ಹಿಂಬಾಲಿಸಿ ಆ ಮನೆಯನ್ನೂ ಅಲ್ಲಿದ್ದವಳನ್ನೂ ಪತ್ತೆ ಮಾಡಿದ್ದು ದಾನಾ. ಮರದ ಮರೆಯಿಂದ ಫೋಟೋ ಕೂಡ ತೆಗೆದಿದ್ದಳು.

“ಅವಳಲ್ಲಿ ಅಂಥಾದ್ದೇನಿದೆಯಂತೆ?” ಎಂದು ಟೋಗ್ಜಾನ್ ಅಂದೇ ಕೇಳಿದ್ದಳು.

“ಕೆನ್ನೆ ಇದೆ ಕಣೇ! ಹುಣ್ಣಿಮೆ ಚಂದ್ರ ಇದ್ದ ಹಾಗೆ. ಬಾಗಿಲು ತೆಗೆದಳೋ ಇಲ್ಲವೋ, ನಿಮ್ಮವರು ಎರಡೂ ಕೈಯಲ್ಲಿ ಹಿಡಿದು ಹಿಂಡಿಬಿಟ್ರು. ನಿನ್ನದರಲ್ಲಿ ಹಿಂಡೋಕೆ ಮೂಳೆ ಬಿಟ್ಟರೆ ಇನ್ನೇನಿದೆ?”

ಸಂಸಾರ ಉಳಿಸಿಕೊಳ್ಳಲು ಅಷ್ಟು ಪುರಾವೆ ಸಾಕಾಗಿತ್ತು. ಅಲ್ಮಾಟಿಯಲ್ಲಿ ವಕೀಲರಿಗಿಂತ ಕೆನ್ನೆಯ ಡಾಕ್ಟರುಗಳು ಬೇಗ ಸಿಗುತ್ತಾರೆ.

“ಈ ವಯಸ್ಸಲ್ಲಿ ಗಟ್ಟೀದು ಬೇಡಮ್ಮ,” ಎಂದಳು ರೌಶನ್. “ನಾಳೆ ಮುಖ ಬದಲಾಗುತ್ತೆ. ಕೆನ್ನೆ ಬೇರೆ, ನೀವು ಬೇರೆ ಅಂತ ಕಾಣುತ್ತೆ.”

“ನನ್ನ ವಯಸ್ಸಿನ ಮಾತು ಬಿಡಿ. ಇದನ್ನ ನೋಡಿ.” ಟೋಗ್ಜಾನ್ ಫೋನನ್ನು ಮುಂದೆ ಚಾಚಿದಳು. “ಇವಳದ್ದು ಹೇಗಿದೆಯೋ ಹಾಗೇ ಬೇಕು. ಒಂದು ಚೂರೂ ಕಮ್ಮಿ ಇರಬಾರ್ದು.”

“ಕಮ್ಮಿ ಯಾಕೆ, ಒಂಚೂರು ಜಾಸ್ತೀನೇ ಹಾಕಿ,” ಎಂದು ದಾನಾ ಸೋಫಾದಿಂದಲೇ ಸೇರಿಸಿದಳು.

ರೌಶನ್ ಫೋಟೋವನ್ನು ಹಿಗ್ಗಿಸಿ ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು. ತಲೆಗೆ ಬಿಗಿದು ಕಟ್ಟಿದ ಬಿಳಿ ವಸ್ತ್ರ, ನಗುವಿನಲ್ಲಿ ಎರಡು ಬಂಗಾರದ ಹಲ್ಲು, ಮೊಣಕೈವರೆಗೂ ಮೈದಾಹಿಟ್ಟು, ಹಿಡಿಯಲ್ಲಿ ಲಟ್ಟಣಿಗೆ.

“ಯಾರಮ್ಮ ಈ ಅಜ್ಜಿ?”

“ನಮ್ಮನೆಯವರ ಮೊದಲನೇ ಹೆಂಡ್ತಿ,” ಎಂದಳು ಇಪ್ಪತ್ತಾರು ವರ್ಷದ ಎರಡನೆಯವಳು.