ಪಗಾರವೂ ಕಂತೂ

ಅಂದು ಬೆಳಿಗ್ಗೆ ದಟ್ಟ ಮಂಜು ಕವಿದು ಕಾಳಗಿಯ ಬ್ಯಾಂಕಿನಲ್ಲಿ ಹಗಲಲ್ಲೇ ದೀಪ ಉರಿಯುತ್ತಿತ್ತು. ಲುಂಬಿನಿಯ ಫೈನಾನ್ಸ್ ಎಂಬಿಎ ಓದಿನ ಸಾಲಕ್ಕೆ ಮನೆ ಅಡವಿಡಲು ತಾಯಿ ಭೀಮಬಾಯಿ ಅಧಿಕಾರಿಯ ಪೆನ್ನು ಪಡೆದು ಸಹಿಗೆ ಬಾಗಿದ್ದಳು.

"ತಡಿ ಯವ್ವಾ," ಎಂದ ಲುಂಬಿನಿ, ಸಾಲ ಮಾಡಿ ಅದೇ ಓದು ಮುಗಿಸಿ ಹೈದರಾಬಾದಿನಲ್ಲಿ ನೌಕರಿ ಹಿಡಿದಿದ್ದ, ಈಗ ಅವರ ಜೊತೆಗೆ ಬಂದಿದ್ದ ದೊಡ್ಡಪ್ಪನ ಮಗ ಅಜಯಕುಮಾರನತ್ತ ತಿರುಗಿದಳು. "ಅಣ್ಣಾ, ನಿನ್ನ ಪಗಾರ ಎಷ್ಟು, ಸಾಲದ ಕಂತು ಎಷ್ಟು? ಖರೇ ಹೇಳು."

"ಸಾಹೇಬಗ ಪಗಾರ ಕೇಳ್ತಾರೇನ, ಹುಚ್ಚಿ!" ಭೀಮಬಾಯಿ ನಕ್ಕಳು.

ಅಜಯ ನಗಲಿಲ್ಲ. ಕೋಟಿನ ಗುಂಡಿ ತಿರುವುತ್ತಲೇ ಇದ್ದ. "ಹದಿನೆಂಟು ಸಾವಿರ ಪಗಾರ, ಕಾಕಿ. ಹನ್ನೊಂದು ಸಾವಿರ ಕಂತಿಗೇ ಹೋಗ್ತದ. ರೂಮಿನ ಬಾಡಗಿ ಇನ್ನಾ ಅಪ್ಪನೇ ಕಳಸಾಕತ್ತಾನ."

ಪೆನ್ನು ಕಾಗದದ ಮೇಲೆ ಒಂದು ಚುಕ್ಕೆಯಿಟ್ಟು ನಿಂತಿತ್ತು. ಭೀಮಬಾಯಿ ಮಗಳ ಮುಖ ನೋಡಿದಳು. ಲುಂಬಿನಿ ಬೇಡವೆಂದು ತಲೆಯಾಡಿಸಿದಳು. ತಾಯಿ ಮುಚ್ಚಳ ಹಾಕಿ, ಪೆನ್ನನ್ನು ಅಧಿಕಾರಿಗೆ ಹಿಂದಿರುಗಿಸಿದಳು.