ಎಡಕ್ಕೆ ಬಿದ್ದ ಹೂ

ಎಡಗಡೆಯ ಹೂ ಬಿತ್ತು.

ಕೃಷ್ಣವ್ವ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬೇಡಿಕೊಂಡು, ಇನ್ನೂ ರೆಪ್ಪೆ ತೆರೆದಿರಲಿಲ್ಲ. ಸಾಲಹಳ್ಳಿಯ ದ್ಯಾಮವ್ವನ ಎರಡೂ ಭುಜಕ್ಕೆ ನೀರು ತಾಗಿಸಿ ಅಂಟಿಸಿದ್ದ ಸೇವಂತಿಗೆಯ ಎಸಳುಗಳಲ್ಲಿ ಬಲಗಡೆಯದು ಹಾಗೇ ಇತ್ತು. ಎಡಗಡೆಯದು ಜಾರಿ ಪಾದದ ಬಳಿ ಬಿದ್ದಿತ್ತು. ಬಲ ಅಂದರೆ ಹೂಂ, ಎಡ ಅಂದರೆ ಉಹೂಂ. ಊರಿನ ಕೂಸಿಗೂ ಗೊತ್ತಿದ್ದ ಲೆಕ್ಕ.

"ಆಗೂದಿಲ್ಲ ಅಂತಾಳ ತಾಯಿ," ಎಂದ ಪೂಜಾರಿ ಭೀಮಶಿ.

ಕಾಂತೇಶ ಅಕ್ಕನ ಮಗಳ ಕಡೆ ತಿರುಗಿದ. "ಕೇಳಿದಿ ಇಲ್ಲೋ? ನಾ ಹೇಳಿದ್ರ ಸಿಟ್ಟಾಗತಿದ್ದಿ. ಈಗ ಯಾರ ಮ್ಯಾಲ ಸಿಟ್ಟಾಗತಿ?"

ಮಾಲಾ ದೇವಿಯನ್ನೇ ನೆಟ್ಟ ದೃಷ್ಟಿಯಿಂದ ನೋಡಿದಳು. ಕೈ ಮುಗಿಯಲಿಲ್ಲ. ಅವಳ ಆಯಿ ಕೃಷ್ಣವ್ವ ಮಾತ್ರ ನೆಲಕ್ಕೆ ಹಣೆ ಹಚ್ಚಿದವಳು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿದ್ದವು. ಮೊಮ್ಮಗಳ ನಸೀಬಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

ಪುಣೆಯ ಆ ವಿಜ್ಞಾನ ಕಾಲೇಜಿಗೆ ದೇಶದ ಮೂಲೆಮೂಲೆಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಒಳಗೆ ಹೋಗುವವರು ಒಂದು ಟೆಂಪೋದಲ್ಲಿ ಹಿಡಿಸುವಷ್ಟು ಮಂದಿ. ಮಾಲಾ ಪರೀಕ್ಷೆ ದಾಟಿದ್ದಳು. ಸಂದರ್ಶನ ಬಾಕಿ ಇತ್ತು. ಅಂದಿನಿಂದ ಊರ ಕಟ್ಟೆಯ ಮೇಲೆ ಅದೇ ಮಾತು: ಸಿಗುತ್ತದೋ, ಇಲ್ಲವೋ? ರಾಮದುರ್ಗದ ಟ್ಯೂಶನ್ ಮಾಸ್ತರರು, "ಶಾಣ್ಯಾಕಿ ಖರೆ. ಆದ್ರ ಇಂಗ್ಲಿಷ್ ಮಾತಾಡೂದ್ರಾಗ ಎಡವತಾಳ, ಕಷ್ಟ ಐತಿ," ಎಂದಿದ್ದರು.

ಕಾಂತೇಶನಿಗೆ ಅಷ್ಟು ಸಾಕಾಯಿತು. ಯರಗಟ್ಟಿಯಲ್ಲಿ ಅವನದು ಗೊಬ್ಬರದ ಅಂಗಡಿ. ತಾಯಿ ತೀರಿದ ಮೇಲೆ ಮಾಲಾ ಬೆಳೆದದ್ದು ಅವನ ಮನೆಯಲ್ಲೇ. ಮೇಲೆ ಸೋದರಮಾವನೆಂಬ ಹಕ್ಕು ಬೇರೆ. ಸೀಟು ಸಿಗದಿದ್ದರೆ ಮಾಲಾಳನ್ನು ತಾನೇ ಮದುವೆಯಾಗುವೆನೆಂದು ನಾಲ್ಕು ಮಂದಿಯ ಎದುರು ಹೇಳಿಬಿಟ್ಟಿದ್ದ.

"ಸಿಕ್ಕರ?" ಎಂದು ಮಾಲಾ ಕೇಳಿದ್ದಳು.

"ಸಿಕ್ಕರ ಅನ್ನೂದನ್ನ ಮೊದಲ ನೋಡೂಣಲ್ಲ. ಅಷ್ಟ ದೂರ ಹೋಗಿ ಮಾರಿ ಸಣ್ಣ ಮಾಡಿಕೊಂಡ ಯಾಕ ಬರಬೇಕು? ಯವ್ವಾ, ದ್ಯಾಮವ್ವಗ ಹೂ ಕೇಳು. ಹೂಂ ಅಂದ್ರ ನಾನ ಬಸ್ ಹತ್ತಸ್ತೇನಿ."

ಒಲೆಯ ಮುಂದೆ ಕೂತಿದ್ದ ಕೃಷ್ಣವ್ವ ಮಗನ ಕಡೆ ನೋಡಿದಳು. "ಕೇಳತೇನಿ. ಆದ್ರ ಆಕಿ ಏನ ಅಂತಾಳ ಅದಕ್ಕ ತಲಿ ಬಾಗಬೇಕು. ಭಂಡಾರ ಮುಟ್ಟಿ ಆಣಿ ಮಾಡು."

"ನಾ ಯಾಕ? ಇಕಿ ಮಾಡ್ಲಿ."

"ಮೊದಲ ನೀ ಮಾಡೋ."

ಕಾಂತೇಶ ನಗುತ್ತಲೇ ಡಬ್ಬಿಯೊಳಗಿನ ಭಂಡಾರದ ಅರಿಷಿಣ ಹಣೆಗೆ ಹಚ್ಚಿಕೊಂಡು ಆಣೆ ಮಾಡಿದ. ಮಾಲಾ ಡಬ್ಬಿ ಮುಟ್ಟಲಿಲ್ಲ.

"ಪರೀಕ್ಷಾ ಬರದಾಕಿ ನಾ, ಆಯಿ. ಹೂ ಅಲ್ಲ."

ಕೃಷ್ಣವ್ವ ಒತ್ತಾಯಿಸಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು.

ಈಗ ಹೂ ಬಿದ್ದಾಗಿತ್ತು. ಕಾಂತೇಶ ಮರುದಿನವೇ ಮುಹೂರ್ತ ಕೇಳಿಸಿಕೊಂಡು ಬಂದ. ಮನೆಗೆ ಬಂದರೆ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಸಜ್ಜೆಯ ತೆಳ್ಳನೆ ರೊಟ್ಟಿಗಳು ಒಣಗಿ ಗರಿಗರಿಯಾಗಿ ಬುಟ್ಟಿ ತುಂಬಿದ್ದವು.

"ಲಗ್ನದ ರೊಟ್ಟಿ ಇವತ್ತ ಸುರು ಮಾಡಿದೇನಬೇ?"

"ಕಟಕ ರೊಟ್ಟಿ ಅಲ್ಲೇನೋ, ಕೆಡಂಗಿಲ್ಲ," ಎಂದಳು ಕೃಷ್ಣವ್ವ.

ಮಾಲಾ ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. "ಆಯಿ, ನೀನೂ ನನ್ನ ಕೈ ಬಿಟ್ಟಿ?"

"ದ್ಯಾಮವ್ವನ ಮಾತ ನಾ ಹೆಂಗ ಮೀರಲೇ ನನ್ನವ್ವಾ?" ಕೃಷ್ಣವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಯಾರೂ ಮೀರಂಗಿಲ್ಲ."

ಮಾಲಾ ಎದ್ದು ಒಳಗೆ ಹೋದಳು.

ರವಿವಾರ ಬೆಳಗ್ಗೆ, ಸಂದರ್ಶನದ ಹಿಂದಿನ ದಿನ, ಅವಳು ಚೀಲ ಹೆಗಲಿಗೇರಿಸಿ ಹೊರಬಂದಾಗ ಕಾಂತೇಶ ಹೊಸ್ತಿಲಿಗೆ ಅಡ್ಡ ನಿಂತಿದ್ದ. ಗುಡಿಗೆ ಹೊರಟಿದ್ದ ಭೀಮಶಿಯೂ ಅಂಗಳದಲ್ಲಿ ನಿಂತ.

"ದೇವಿ ಉಹೂಂ ಅಂದ ಮ್ಯಾಲೂ ಹೊಂಟಿ?"

"ಹೊಂಟೇನಿ ಮಾಮಾ. ನನಗ ಸೀಟಿಲ್ಲ ಅನ್ನೂದಿದ್ರ ಪ್ರಶ್ನೆ ಕೇಳಿದಾವ್ರು ನನ್ನ ಮಾರಿ ನೋಡಿ ಅನ್ಲಿ. ಅಲ್ಲೇ ನಿಂತು ಕೇಳತೇನಿ. ಉದುರಿದ ಎಸಳಿನ ಮಾತ ಕೇಳಿ ಮನ್ಯಾಗ ಕೂಡಂಗಿಲ್ಲ."

"ಬಿಡ್ತು ಅನ್ನ ತಂಗಿ," ಎಂದು ಭೀಮಶಿ ಗಲ್ಲ ಬಡಿದುಕೊಂಡ. "ತಾಯಿಗೆ ಎದುರ ಮಾತಾಡಬ್ಯಾಡ."

"ಸಿಟ್ಟಾದ್ರ ನನ್ನ ಮ್ಯಾಲ ಆಗಲೇಳ್ರಿ. ನಾ ತಡಕೋತೇನಿ."

ಕಾಂತೇಶ ಒಳಗೆ ನೋಡಿ ಕೂಗಿದ. "ಯವ್ವಾ! ಹೊರಗ ಬಾ. ದೇವಿ ಮಾತ ಮೀರಬಾರದು ಅಂತ ಇಕಿಗಿ ಹೇಳು!"

ಕೃಷ್ಣವ್ವ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅದರೊಳಗೆ ಕಟಕ ರೊಟ್ಟಿ ಸದ್ದು ಮಾಡಿದವು. ಗಂಟನ್ನು ಮಾಲಾಳ ಕೈಗಿಟ್ಟು, ಅವಳ ಹಣೆಗೆ ಭಂಡಾರ ಹಚ್ಚಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಮೀರಬಾರದು ಖರೆ. ಆಣಿ ಮಾಡಿದಾವ ನೀ. ದಾರಿ ಬಿಡು."

"ಏನಂತಿಯಬೇ? ಸೀಟ ಸಿಗೂದಿಲ್ಲ ಅಂತ ದ್ಯಾಮವ್ವನ ಅಂದಾಳಲ್ಲ!"

"ಸೀಟಿನ ಮಾತ ಇಕಿ ನಾಳೆ ಹೋಗಿ ಕೇಳಕೊಂಡ ಬರತಾಳೋ ತಮ್ಮಾ, ನಾ ದ್ಯಾಮವ್ವಗ ಕೇಳಿದ್ದು, ಮಾಲಾನ್ನ ನಿನಗ ಕೊಡ್ಲೇನು ಅಂತ."